ಪಾಳು ಮನೆಯ ಕಾಗದಗಳು: ಕಪ್ಪು ಸಂಯೋಜಕರ ಪಿಯಾನೊ ಸಂಗೀತ ಇಷ್ಟು ದಿನ ಎಲ್ಲಿತ್ತು?

2009ನೇ ಇಸವಿ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ, ಶಿಕಾಗೊದಿಂದ ದಕ್ಷಿಣಕ್ಕೆ ಸೇಂಟ್ ಆನ್ ಅಂತ ಒಂದು ಸಣ್ಣ ಊರು. ಅಲ್ಲಿ ಗಂಡ ಹೆಂಡತಿ ಇಬ್ಬರು ಪಾಳು ಮನೆಯೊಂದನ್ನು ರಿಪೇರಿ ಮಾಡಿಸಲು ಹೊರಟಿದ್ದರು. ಮರ ಬಿದ್ದು ಸೂರು ತೂತಾಗಿತ್ತು. ಯಾರೋ ಒಳಗೆ ನುಗ್ಗಿ ಹಾಳುಗೆಡವಿದ್ದರು. ಆದರೆ ನೀರು ತಾಗದೆ ಉಳಿದಿದ್ದ ಒಂದು ಕಡೆ ರಾಶಿ ರಾಶಿ ಕಾಗದ ಇತ್ತು. ಐದೈದು ಗೆರೆಗಳು, ಅವುಗಳ ಮೇಲೆ ಕೈಯಲ್ಲಿ ಬರೆದ ಸ್ವರದ ಚುಕ್ಕೆಗಳು. ಹಾಳೆ ಹಾಳೆಯಲ್ಲೂ ಮತ್ತೆ ಮತ್ತೆ ಅದೇ ಹೆಸರು: ಫ್ಲಾರೆನ್ಸ್ ಪ್ರೈಸ್.

ಯಾರಪ್ಪ ಇವರು ಅಂತ ಅವರು ಹುಡುಕಿದರು. ಪ್ರೈಸ್ ಕಪ್ಪು ಜನಾಂಗದ ಸಂಗೀತ ಸಂಯೋಜಕಿ. ತೀರಿಕೊಂಡು ಆಗಲೇ 56 ವರ್ಷ ಆಗಿತ್ತು. ಅದು ಅವರು ಬೇಸಿಗೆಯಲ್ಲಿ ಬಂದು ಇರುತ್ತಿದ್ದ ಮನೆ. ಆ ರಾಶಿಯಲ್ಲಿ ಎರಡು ವಯಲಿನ್ ಕನ್ಚೆರ್ಟೊ (ಒಂದು ವಾದ್ಯ ಮುಂದೆ ನಿಂತು ಆರ್ಕೆಸ್ಟ್ರಾ ಜೊತೆ ನುಡಿಸುವ ಕೃತಿ) ಇದ್ದವು, ನಾಲ್ಕನೇ ಸಿಂಫನಿ (ಆರ್ಕೆಸ್ಟ್ರಾ, ಅಂದರೆ ದೊಡ್ಡ ವಾದ್ಯವೃಂದಕ್ಕೆ ಬರೆದ ದೀರ್ಘ ಕೃತಿ) ಇತ್ತು. ಕಾಗದಗಳು ಅರ್ಕಾನ್ಸಾ ವಿಶ್ವವಿದ್ಯಾಲಯಕ್ಕೆ ಹೋದವು. 2018ರಲ್ಲಿ ಜಿ. ಷರ್ಮರ್ ಎಂಬ ದೊಡ್ಡ ಪ್ರಕಾಶನ ಸಂಸ್ಥೆ ಪ್ರೈಸ್ ಅವರ ಎಲ್ಲ ಕೃತಿಗಳ ಹಕ್ಕನ್ನು ತೆಗೆದುಕೊಂಡಿತು. 2022ರಲ್ಲಿ ಅವರ ಸಿಂಫನಿಗಳ ರೆಕಾರ್ಡಿಂಗ್‌ಗೆ ಗ್ರ್ಯಾಮಿ ಪ್ರಶಸ್ತಿ ಬಂತು.

ಈಗ ನೋಡಿದರೆ ಪಿಯಾನೊ ಕಛೇರಿಗಳಲ್ಲಿ, ಮಕ್ಕಳ ಪಿಯಾನೊ ಪರೀಕ್ಷೆಯ ಪುಸ್ತಕಗಳಲ್ಲಿ, ಮೊಬೈಲ್‌ನ ಸಂಗೀತದ ಆ್ಯಪ್‌ಗಳಲ್ಲಿ ಪ್ರೈಸ್ ಮತ್ತು ಅವರಂಥವರ ಹೆಸರು ಕಾಣತೊಡಗಿದೆ. ಬೀಥೊವನ್, ಮೊಜಾರ್ಟ್ ಅಂದರೆ ಕೇಳಿರುತ್ತೇವೆ. ಇವರು ಯಾರು? ಇವರ ಸಂಗೀತ ಹೇಗಿರುತ್ತದೆ? ಅಷ್ಟು ಚೆನ್ನಾಗಿದ್ದರೆ ಇಷ್ಟು ದಿನ ಯಾಕೆ ಕೇಳಿಸಲಿಲ್ಲ?

ಮೊದಲು ಒಂದೆರಡು ಪದ

ನಮ್ಮಲ್ಲಿ ವಾಗ್ಗೇಯಕಾರರು ಅಂತೀವಿ. ಸಾಹಿತ್ಯ, ರಾಗ, ತಾಳ ಅವರದು. ಆದರೆ ಹಾಡುವವರಿಗೆ ಬೇಕಾದಷ್ಟು ಜಾಗ ಇರುತ್ತದೆ. ಸಂಗತಿ ಹಾಕಬಹುದು, ನೆರವಲ್ ಮಾಡಬಹುದು, ಕಲ್ಪನಾಸ್ವರಕ್ಕೆ ಹೋಗಬಹುದು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಸಂಯೋಜಕರ ಕೆಲಸ ಬೇರೆ ಥರ. ಯಾವ ಕ್ಷಣದಲ್ಲಿ ವಾದ್ಯದ ಯಾವ ಮನೆ (ಕೀಲಿ) ಒತ್ತಬೇಕು, ಎಷ್ಟು ಹೊತ್ತು, ಎಷ್ಟು ಜೋರಾಗಿ ಅನ್ನುವುದನ್ನೆಲ್ಲ ಅವರೇ ಬರೆದಿಡುತ್ತಾರೆ. ಹಾಗೆ ಬರೆದ ಹಾಳೆಗೆ ಸ್ಕೋರ್ ಅನ್ನುತ್ತಾರೆ.

ಈ ಸ್ಕೋರ್ ಅನ್ನುವುದನ್ನು ಸ್ವಲ್ಪ ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ, ಮುಂದಿನದೆಲ್ಲ ಇದರ ಮೇಲೆ ನಿಂತಿದೆ. ನಮ್ಮ ಸಂಗೀತ ಗುರುವಿನ ಬಾಯಿಂದ ಶಿಷ್ಯರ ಕಿವಿಗೆ ಬರುತ್ತದೆ. ಪುಸ್ತಕ ಕಳೆದುಹೋದರೂ ಪಾಠ ಮಾಡಿಸಿಕೊಂಡ ನಾಲ್ಕು ಜನ ಇದ್ದರೆ ಕೃತಿ ಉಳಿಯುತ್ತದೆ. ಅಲ್ಲಿ ಹಾಗಲ್ಲ. ಹಾಳೆ ಇದ್ದರೆ ಸಂಗೀತ ಇದೆ. ಹಾಳೆ ಅಚ್ಚಾದರೆ ನೂರು ಊರಲ್ಲಿ ನುಡಿಸುತ್ತಾರೆ. ಅಚ್ಚಾಗದೆ ಪೆಟ್ಟಿಗೆಯಲ್ಲೇ ಉಳಿದರೆ, ಎಂಥ ಕೃತಿಯಾದರೂ ಇಲ್ಲದ ಹಾಗೇ.

ಇನ್ನು ಪಿಯಾನೊ. ನೋಡಲು ಹಾರ್ಮೋನಿಯಂನ ಅಣ್ಣನ ಹಾಗಿದೆ, ಕಪ್ಪು ಬಿಳಿ ಮನೆಗಳು ಅವೇ. ಆದರೆ ಒಳಗಿನ ಕೆಲಸ ಬೇರೆ. ಹಾರ್ಮೋನಿಯಂನಲ್ಲಿ ತಿದಿಯ ಗಾಳಿ ಇರುವವರೆಗೆ ಸ್ವರ ನಿಲ್ಲುತ್ತದೆ. ಪಿಯಾನೊದಲ್ಲಿ ಮನೆ ಒತ್ತಿದರೆ ಒಳಗೊಂದು ಪುಟ್ಟ ಸುತ್ತಿಗೆ ತಂತಿಗೆ ಬಡಿಯುತ್ತದೆ. ಹುಟ್ಟಿದ ಕ್ಷಣದಿಂದಲೇ ಆ ನಾದ ಸಾಯತೊಡಗುತ್ತದೆ. ಎರಡು ಸ್ವರಗಳ ನಡುವೆ ಜಾರುವುದಕ್ಕೆ ದಾರಿಯೇ ಇಲ್ಲ, ಅಂದರೆ ಗಮಕ ಇಲ್ಲ. ಕಪ್ಪು ಜನರ ಹಾಡುಗಾರಿಕೆಯಲ್ಲೋ ಜಾರುವಿಕೆ, ಎಳೆತ, ನರಳಿಕೆ ಎಲ್ಲ ತುಂಬಿತ್ತು. ಆ ಗಂಟಲನ್ನು ಈ ಸುತ್ತಿಗೆಗಳಿಂದ ಹೇಗೆ ಹೊರಡಿಸುವುದು? ಈ ಸಂಯೋಜಕರು ಬಗೆಹರಿಸಿಕೊಂಡ ದೊಡ್ಡ ಕಷ್ಟಗಳಲ್ಲಿ ಅದೂ ಒಂದು. ಪಕ್ಕದ ಎರಡು ಮನೆಗಳನ್ನು ಹೆಚ್ಚುಕಡಿಮೆ ಒಟ್ಟಿಗೆ ಒತ್ತಿ ಒಂದನ್ನು ತಟ್ಟನೆ ಬಿಟ್ಟರೆ, ಜಾರಿದ ಭ್ರಮೆ ಬರುತ್ತದೆ. ಅವರ ಪುಟಗಳಲ್ಲಿ ಇಂಥ ಉಪಾಯ ಬೇಕಾದಷ್ಟು ಸಿಗುತ್ತವೆ.

ಹೊಲದ ಹಾಡು ಹಾಳೆಗೆ ಬಂದದ್ದು

ಅಮೆರಿಕದ ದಕ್ಷಿಣ ರಾಜ್ಯಗಳ ಹೊಲಗಳಲ್ಲಿ ಗುಲಾಮರಾಗಿ ದುಡಿಯುತ್ತಿದ್ದವರು ಕಟ್ಟಿಕೊಂಡ ಭಕ್ತಿಗೀತೆಗಳಿಗೆ ಸ್ಪಿರಿಚುವಲ್ ಅಂತ ಹೆಸರು. ಒಬ್ಬರು ಒಂದು ಸಾಲು ಎತ್ತುತ್ತಾರೆ, ಉಳಿದವರು ಒಟ್ಟಾಗಿ ತಿರುಗಿ ಹೇಳುತ್ತಾರೆ. ಭಜನೆ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನೊಂದು ಕಾರಣಕ್ಕೂ ಈ ಹಾಡುಗಳು ನಮ್ಮ ಕಿವಿಗೆ ಪರಕೀಯ ಅನಿಸುವುದಿಲ್ಲ. ಹಲವು ಹಾಡುಗಳು ಐದೇ ಸ್ವರಗಳಲ್ಲಿ ಓಡಾಡುತ್ತವೆ. ‘ಸ್ವಿಂಗ್ ಲೋ, ಸ್ವೀಟ್ ಚಾರಿಯಟ್’ ಕೇಳಿದರೆ ನಮ್ಮ ಮೋಹನ, ಹಿಂದೂಸ್ತಾನಿಯ ಭೂಪಾಲಿ ನೆನಪಾಗುತ್ತದೆ. ಗಮಕ ಇಲ್ಲದ ಮೋಹನ ಮೋಹನವೇ ಅಲ್ಲ ಅಂತ ವಿದ್ವಾಂಸರು ಬೈಯಬಹುದು. ಸ್ವರಗಳ ಲೆಕ್ಕದಲ್ಲಿ ಮಾತ್ರ ಹೇಳುತ್ತಿದ್ದೇನೆ.

ಗುಲಾಮಗಿರಿ 1865ರಲ್ಲಿ ಕೊನೆಯಾಯಿತು. ಅದಾಗಿ ಆರು ವರ್ಷಕ್ಕೆ, 1871ರಲ್ಲಿ, ನ್ಯಾಶ್‌ವಿಲ್‌ನ ಫಿಸ್ಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ತಮ್ಮ ಸಂಸ್ಥೆಗೆ ಹಣ ಕೂಡಿಸಲು ಊರೂರು ಹಾಡುತ್ತ ಹೊರಟರು. ಫಿಸ್ಕ್ ಜುಬಿಲಿ ಸಿಂಗರ್ಸ್ ಎಂಬ ಈ ತಂಡ ಯುರೋಪಿಗೂ ಹೋಯಿತು. ಸ್ಪಿರಿಚುವಲ್ ಅನ್ನುವುದು ಹೊರಗಿನ ಜಗತ್ತಿಗೆ ಗೊತ್ತಾದದ್ದು ಹೆಚ್ಚಾಗಿ ಇವರಿಂದ. 1892ರಲ್ಲಿ ನ್ಯೂಯಾರ್ಕ್‌ಗೆ ಪಾಠ ಹೇಳಲು ಬಂದ ಚೆಕ್ ಸಂಯೋಜಕ ಡ್ವೊರ್ಷಾಕ್ ಈ ಹಾಡುಗಳನ್ನು ಅಲ್ಲಿನ ಕಪ್ಪು ವಿದ್ಯಾರ್ಥಿ ಹ್ಯಾರಿ ಬರ್ಲೀ ಬಾಯಲ್ಲಿ ಕೇಳಿ ಬೆರಗಾದರು. ಅಮೆರಿಕದ ಮುಂದಿನ ಸಂಗೀತ ಇವುಗಳ ಮೇಲೇ ನಿಲ್ಲಬೇಕು ಅಂತ ಮರುವರ್ಷ ಪತ್ರಿಕೆಯಲ್ಲಿ ಹೇಳಿಬಿಟ್ಟರು. ಬಿಳಿಯ ಸಂಗೀತಗಾರರು ಸಿಡಿಮಿಡಿಗೊಂಡರು.

ಸ್ಪಿರಿಚುವಲ್‌ಗಳನ್ನು ದೊಡ್ಡ ಪ್ರಮಾಣದಲ್ಲಿ ಪಿಯಾನೊಗೆ ತಂದವರು ಅಮೆರಿಕದವರಲ್ಲ, ಲಂಡನ್ನಿನವರು. ಸ್ಯಾಮ್ಯುಯೆಲ್ ಕೋಲ್‌ರಿಜ್-ಟೇಲರ್ ಹುಟ್ಟಿದ್ದು 1875ರಲ್ಲಿ. ತಂದೆ ಸಿಯೆರಾ ಲಿಯೋನ್‌ನಿಂದ ಬಂದ ವೈದ್ಯ, ತಾಯಿ ಇಂಗ್ಲೆಂಡಿನವರು. ಇವರು ‘ಇಪ್ಪತ್ತನಾಲ್ಕು ನೀಗ್ರೊ ಮೆಲಡಿಗಳು’ ಎಂಬ ಪಿಯಾನೊ ಸಂಕಲನವನ್ನು 1905ರಲ್ಲಿ ಹೊರತಂದರು. (ಇವತ್ತು ‘ನೀಗ್ರೊ’ ಅಂದರೆ ಅವಮಾನ. ಆ ಕಾಲದಲ್ಲಿ ಕಪ್ಪು ಬರಹಗಾರರೂ ಸಂಗೀತಗಾರರೂ ತಮ್ಮನ್ನು ಹಾಗೇ ಕರೆದುಕೊಳ್ಳುತ್ತಿದ್ದರು. ಹಳೆಯ ಕೃತಿಗಳ ಹೆಸರಲ್ಲಿ ಆ ಪದ ಹಾಗೇ ಉಳಿದಿದೆ.) ಹಂಗೆರಿಯ ಜಾನಪದಕ್ಕೆ ಬ್ರಾಮ್ಸ್, ನಾರ್ವೆಯದಕ್ಕೆ ಗ್ರೀಗ್ ಮಾಡಿದ್ದನ್ನು ಈ ಹಾಡುಗಳಿಗೆ ಮಾಡಲು ಹೊರಟಿದ್ದೇನೆ ಅಂತ ಅವರು ಮುನ್ನುಡಿಯಲ್ಲಿ ಬರೆದರು. ಪ್ರತಿ ತುಣುಕಿನ ಮೇಲ್ಗಡೆ ಮೂಲ ಹಾಡಿನ ಸಾಲನ್ನು ಅಚ್ಚು ಹಾಕಿಸಿದರು, ಯಾವುದರಿಂದ ಏನು ಬೆಳೆಸಿದ್ದಾರೆ ಅಂತ ನೋಡುವವರಿಗೆ ಗೊತ್ತಾಗಲಿ ಅಂತ.

ಇವರ ‘ಹಯಾವಥಾಸ್ ವೆಡ್ಡಿಂಗ್ ಫೀಸ್ಟ್’ ಎಂಬ ಗಾಯನ ಕೃತಿ ಇಂಗ್ಲೆಂಡಿನಲ್ಲಿ ಮನೆಮಾತಾಗಿತ್ತು. ಅದರ ಹಕ್ಕನ್ನು ಅವರು 15 ಗಿನಿಗೆ (ಒಂದು ಗಿನಿ ಅಂದರೆ ಒಂದು ಪೌಂಡಿಗಿಂತ ತುಸು ಹೆಚ್ಚು) ಮಾರಿಬಿಟ್ಟಿದ್ದರು. ಪ್ರತಿಗಳು ಲೆಕ್ಕವಿಲ್ಲದಷ್ಟು ಖರ್ಚಾದವು, ಅವರ ಕೈಗೆ ಇನ್ನೊಂದು ಕಾಸೂ ಬರಲಿಲ್ಲ. 37ನೇ ವಯಸ್ಸಿಗೆ ನ್ಯುಮೋನಿಯಾದಿಂದ ತೀರಿಕೊಂಡರು.

ಡೋಲು ಕಿತ್ತುಕೊಂಡಾಗ

ಇನ್ನೊಂದು ಬೇರು ಲಯದ್ದು. 1739ರಲ್ಲಿ ದಕ್ಷಿಣ ಕೆರೊಲಿನಾದಲ್ಲಿ ಗುಲಾಮರು ದಂಗೆ ಎದ್ದರು. ಡೋಲು ಬಾರಿಸುತ್ತ ಹೋಗಿದ್ದರು. ಮರುವರ್ಷವೇ ಕಾನೂನು ಬಂತು: ಗುಲಾಮರು ಡೋಲು ಇಟ್ಟುಕೊಳ್ಳುವಂತಿಲ್ಲ. ಡೋಲಿನ ಸದ್ದಿನಲ್ಲಿ ದೂರದವರಿಗೆ ಸುದ್ದಿ ಹೋಗುತ್ತದೆ ಅನ್ನುವುದು ಮಾಲೀಕರ ಭಯ. ಡೋಲು ಹೋದರೇನು, ಮೈ ಇತ್ತಲ್ಲ. ತೊಡೆ, ಎದೆ, ಅಂಗೈ, ನೆಲ ಎಲ್ಲವೂ ವಾದ್ಯವಾಯಿತು. ಹೀಗೆ ಮೈ ತಟ್ಟಿಕೊಂಡು ಕುಣಿಯುವುದಕ್ಕೆ ಜೂಬಾ ಅಂತ ಹೆಸರು.

ನೀವೇ ಮಾಡಿ ನೋಡಬಹುದು. ಕಾಲಲ್ಲಿ ಒಂದು ಸಲ ನೆಲ ತುಳಿಯಿರಿ, ಹಿಂದೆಯೇ ಬೇಗ ಬೇಗ ಎರಡು ಚಪ್ಪಾಳೆ. ತುಳಿತ, ಚಪ್-ಚಪ್. ತುಳಿತ, ಚಪ್-ಚಪ್. ನಥಾನಿಯಲ್ ಡೆಟ್ ಎಂಬ ಸಂಯೋಜಕ ಜೂಬಾವನ್ನು ವಿವರಿಸಿದ್ದು ಹೀಗೇ. ಕೆನಡಾದ ನಯಾಗರ ಜಲಪಾತದ ಬಳಿ, ತಪ್ಪಿಸಿಕೊಂಡು ಬಂದ ಗುಲಾಮರು ನೆಲೆಸಿದ್ದ ಊರಲ್ಲಿ 1882ರಲ್ಲಿ ಹುಟ್ಟಿದವರು ಇವರು. 1913ರ ‘ಇನ್ ದ ಬಾಟಮ್ಸ್’ ಇವರ ಐದು ತುಣುಕುಗಳ ಪಿಯಾನೊ ಮಾಲೆ. ಬಾಟಮ್ಸ್ ಅಂದರೆ ನದಿ ದಂಡೆಯ ತಗ್ಗು ಬಯಲು. ಮೊದಲ ತುಣುಕು ರಾತ್ರಿ, ನಾಲ್ಕನೆಯದು ಬೆಳಗು, ಕೊನೆಯದು ಜೂಬಾ. ಈ ಕೊನೆಯದರಲ್ಲಿ ಎಡಗೈ ತುಳಿಯುತ್ತದೆ, ತಟ್ಟುತ್ತದೆ. ಬಲಗೈ ಅದರ ಮೇಲೆ ಪಿಟೀಲಿನ ಹಾಗೆ ಕುಣಿಯುತ್ತದೆ. ಮೂರು ನಿಮಿಷವೂ ಇಲ್ಲ. ಒಂದು ಸಲ ಕೇಳಿದರೆ ಸಾಕು, ಸಂಜೆವರೆಗೆ ತಲೆಯಲ್ಲೇ ಓಡುತ್ತಿರುತ್ತದೆ.

ಇದೇ ಬಳ್ಳಿಯ ಇನ್ನೊಂದು ಕವಲು ರ‍್ಯಾಗ್‌ಟೈಮ್. ಎಡಗೈ ಗಡಿಯಾರದ ಹಾಗೆ ಸಮವಾಗಿ ಹೋಗುತ್ತದೆ: ಧುಂ-ಚಕ್, ಧುಂ-ಚಕ್. ಬಲಗೈ ಮಾತ್ರ ಪೆಟ್ಟಿನ ಮೇಲೆ ಬೀಳದೆ ಸ್ವಲ್ಪ ಮೊದಲೋ ಸ್ವಲ್ಪ ಆಮೇಲೋ ಬೀಳುತ್ತದೆ. ನಮ್ಮ ಅತೀತ, ಅನಾಗತ ಎಡುಪ್ಪು ಗೊತ್ತಿದ್ದವರಿಗೆ ಇದರ ಮಜಾ ತಕ್ಷಣ ಹತ್ತುತ್ತದೆ. ನಮ್ಮಲ್ಲಿ ಅದು ಹಾಡು ಎತ್ತುವ ಜಾಗ. ರ‍್ಯಾಗ್‌ಟೈಮ್‌ನಲ್ಲಿ ಉದ್ದಕ್ಕೂ ಆ ಎಳೆದಾಟ ನಡೆದೇ ಇರುತ್ತದೆ.

ರ‍್ಯಾಗ್‌ಟೈಮ್ ಅಂದರೆ ಸ್ಕಾಟ್ ಜಾಪ್ಲಿನ್. ಅವರ ‘ಮೇಪಲ್ ಲೀಫ್ ರ‍್ಯಾಗ್’ 1899ರಲ್ಲಿ ಅಚ್ಚಾಯಿತು. ಒಪ್ಪಂದದ ಪ್ರಕಾರ ಮಾರಾಟವಾದ ಪ್ರತಿಯೊಂದು ಪ್ರತಿಗೆ ಅವರಿಗೆ ಒಂದು ಸೆಂಟ್. ಕಡಿಮೆ ಅನಿಸಬಹುದು. ಆದರೆ ಕೋಲ್‌ರಿಜ್-ಟೇಲರ್ ಅವರ 15 ಗಿನಿ ಪಕ್ಕದಲ್ಲಿಟ್ಟು ನೋಡಿ, ಜಾಪ್ಲಿನ್ ಜಾಣತನ ಗೊತ್ತಾಗುತ್ತದೆ. ಹಾಡು ಎಷ್ಟು ದಿನ ಮಾರಾಟವಾಯಿತೋ ಅಷ್ಟು ದಿನ ಒಂದಿಷ್ಟು ಹಣ ಬರುತ್ತಿತ್ತು. ರ‍್ಯಾಗ್‌ಟೈಮ್ ಕುಡಿತದ ಅಂಗಡಿಗಳ ಸಂಗೀತ ಅಂತ ಜನ ಮೂಗು ಮುರಿಯುತ್ತಿದ್ದಾಗ, ಜಾಪ್ಲಿನ್ ಅದನ್ನು ಶಾಸ್ತ್ರೀಯ ಕೃತಿಯಷ್ಟೇ ಕಟ್ಟುನಿಟ್ಟಾಗಿ ಬರೆಯುತ್ತಿದ್ದರು. ‘ಇದನ್ನು ವೇಗವಾಗಿ ನುಡಿಸಬೇಡಿ’ ಅಂತ ಹಾಳೆಯ ಮೇಲೇ ಅಚ್ಚು ಹಾಕಿಸುತ್ತಿದ್ದರು. ಇವತ್ತಿಗೂ ಅರ್ಧಕ್ಕರ್ಧ ಜನ ಅದನ್ನು ಓದುವುದೇ ಇಲ್ಲ. 1911ರಲ್ಲಿ ‘ಟ್ರೀಮನಿಶಾ’ ಎಂಬ ಆಪೆರಾವನ್ನು (ಹಾಡಿನಲ್ಲೇ ನಡೆಯುವ ನಾಟಕ) ಕೈಯಿಂದ ದುಡ್ಡು ಹಾಕಿ ಪ್ರಕಟಿಸಿದರು. ಅದು ಪೂರ್ತಿಯಾಗಿ ರಂಗಕ್ಕೆ ಬಂದದ್ದು 1972ರಲ್ಲಿ. ಅಷ್ಟರಲ್ಲಿ ಅವರು ಸತ್ತು 55 ವರ್ಷ.

ಫ್ಲಾರೆನ್ಸ್ ಪ್ರೈಸ್: ಅಡುಗೆಮನೆಯ ಮೇಜಿನಿಂದ ಶಿಕಾಗೊ ವೇದಿಕೆಗೆ

ಈಗ ಆ ಪಾಳು ಮನೆಯ ಯಜಮಾನಿಗೆ ಬರೋಣ. ಹುಟ್ಟಿದ್ದು 1887ರಲ್ಲಿ, ಅರ್ಕಾನ್ಸಾ ರಾಜ್ಯದ ಲಿಟ್ಲ್ ರಾಕ್‌ನಲ್ಲಿ. ತಂದೆ ದಂತವೈದ್ಯರು, ತಾಯಿ ಸಂಗೀತದ ಟೀಚರ್. ನಾಲ್ಕನೇ ವಯಸ್ಸಿಗೆ ಮೊದಲ ಸಲ ಜನರೆದುರು ಪಿಯಾನೊ ನುಡಿಸಿದರು. ಹದಿಹರೆಯದಲ್ಲಿ ಬಾಸ್ಟನ್ನಿನ ನ್ಯೂ ಇಂಗ್ಲೆಂಡ್ ಕನ್ಸರ್ವೇಟರಿಗೆ ಸೇರಿದಾಗ ದಾಖಲೆಯಲ್ಲಿ ಊರು ಮೆಕ್ಸಿಕೊ ಅಂತ ಬರೆಸಿದರು. ತಾಯಿಯ ಸಲಹೆ ಅದು. ಕಪ್ಪು ಹುಡುಗಿ ಅನ್ನುವುದಕ್ಕಿಂತ ಮೆಕ್ಸಿಕೊದವಳು ಅಂದರೆ ತೊಂದರೆ ಕಡಿಮೆ ಅಂತ ಲೆಕ್ಕಾಚಾರ. 1906ರಲ್ಲಿ ಆರ್ಗನ್ ಮತ್ತು ಪಿಯಾನೊ ಬೋಧನೆ ಎರಡರಲ್ಲೂ ಡಿಪ್ಲೊಮಾ ಪಡೆದು ಹೊರಬಂದರು.

ಊರಿಗೆ ಮರಳಿ, ವಕೀಲರೊಬ್ಬರನ್ನು ಮದುವೆಯಾಗಿ ಪಾಠ ಹೇಳುತ್ತಿದ್ದರು. ರಾಜ್ಯದ ಸಂಗೀತ ಶಿಕ್ಷಕರ ಸಂಘಕ್ಕೆ ಸದಸ್ಯತ್ವ ಕೇಳಿದರೆ, ಕಪ್ಪು ಅನ್ನುವ ಕಾರಣಕ್ಕೆ ಕೊಡಲಿಲ್ಲ. 1927ರಲ್ಲಿ ಲಿಟ್ಲ್ ರಾಕ್‌ನಲ್ಲಿ ಬಿಳಿಯರ ಗುಂಪೊಂದು ಕಪ್ಪು ಮನುಷ್ಯನೊಬ್ಬನನ್ನು ಕೊಂದು ಬೀದಿಯಲ್ಲಿ ಸುಟ್ಟುಹಾಕಿತು. ಪ್ರೈಸ್ ಕುಟುಂಬ ಊರು ಬಿಟ್ಟು ಶಿಕಾಗೊಗೆ ಹೊರಟಿತು.

ಶಿಕಾಗೊದಲ್ಲಿ ಮದುವೆ ಮುರಿಯಿತು. ಇಬ್ಬರು ಹೆಣ್ಣುಮಕ್ಕಳನ್ನು ಸಾಕಬೇಕಿತ್ತು. ಮೂಕಿ ಸಿನಿಮಾಗಳಿಗೆ ಆರ್ಗನ್ ನುಡಿಸಿದರು, ಬೇರೆ ಹೆಸರಲ್ಲಿ ರೇಡಿಯೊ ಜಾಹೀರಾತಿನ ಹಾಡು ಬರೆದರು, ಮಕ್ಕಳಿಗೆ ಪಾಠ ಹೇಳಿದರು. 1931ರ ಜನವರಿಯಲ್ಲಿ ಕಾಲು ಮುರಿಯಿತು. ಮನೆಯಲ್ಲೇ ಕೂರಬೇಕಾಯಿತು. ಆ ಬಿಡುವಲ್ಲಿ ಮೊದಲ ಸಿಂಫನಿ ಶುರು ಮಾಡಿದರು. ಇನ್ನೊಂದು ಸಲ ಕಾಲು ಮುರಿದುಕೊಳ್ಳುವ ಅದೃಷ್ಟ ಯಾವಾಗ ಬರುತ್ತೋ ಅಂತ ಸ್ನೇಹಿತರಿಗೆ ಕಾಗದ ಬರೆದರು!

ಕೆಲಕಾಲ ಅವರು ತಮ್ಮ ಶಿಷ್ಯೆ ಮಾರ್ಗರೆಟ್ ಬಾಂಡ್ಸ್ ಅವರ ಮನೆಯಲ್ಲಿ ಇದ್ದರು. ಸ್ಪರ್ಧೆಗೆ ಕೃತಿ ಕಳಿಸುವ ಕೊನೆಯ ದಿನ ಹತ್ತಿರ ಬಂತು ಅಂದರೆ ಆ ಮನೆಯ ಅಡುಗೆಮನೆಯಲ್ಲಿ ಮದುವೆ ಮನೆಯ ಗಡಿಬಿಡಿ. ದೊಡ್ಡ ಮೇಜಿನ ಸುತ್ತ ಎಲ್ಲರೂ ಕೂತು ಪ್ರತಿ ಮಾಡುವುದು. ಸ್ವರ ಬರೆಯಲು ಬರುವ ಶಿಕಾಗೊದ ಕಪ್ಪು ಸಂಗೀತಗಾರರೆಲ್ಲ ಓಡಿಬಂದು ಕೈ ಹಾಕುತ್ತಿದ್ದರು ಅಂತ ಬಾಂಡ್ಸ್ ಮುಂದೆ ನೆನಪಿಸಿಕೊಂಡಿದ್ದಾರೆ. ಆಗ ಜೆರಾಕ್ಸ್ ಇಲ್ಲ. ಒಂದೊಂದು ಚುಕ್ಕೆಯೂ ಕೈಯಲ್ಲೇ ಆಗಬೇಕು.

1932ರಲ್ಲಿ ಕಪ್ಪು ಸಂಯೋಜಕರಿಗಾಗಿ ನಡೆಯುತ್ತಿದ್ದ ವಾನಮೇಕರ್ ಸ್ಪರ್ಧೆಯಲ್ಲಿ ಸಿಂಫನಿಗೆ ಮೊದಲ ಬಹುಮಾನ, 500 ಡಾಲರ್. ಪಿಯಾನೊ ಸೊನಾಟಾಗೂ (ಕೆಲವು ಭಾಗಗಳಿರುವ ದೊಡ್ಡ ಪಿಯಾನೊ ಕೃತಿ) ಅದರ ವಿಭಾಗದಲ್ಲಿ ಮೊದಲ ಬಹುಮಾನ, 250 ಡಾಲರ್. 1933ರ ಜೂನ್ 15ರಂದು ಶಿಕಾಗೊ ಸಿಂಫನಿ ಆರ್ಕೆಸ್ಟ್ರಾ ಆ ಸಿಂಫನಿಯನ್ನು ನುಡಿಸಿತು. ಅಮೆರಿಕದ ದೊಡ್ಡ ಆರ್ಕೆಸ್ಟ್ರಾ ಒಂದು ಕಪ್ಪು ಮಹಿಳೆಯ ಸಿಂಫನಿಯನ್ನು ನುಡಿಸಿದ್ದು ಅದೇ ಮೊದಲು. ಅದೇ ಸಂಜೆ ಅದೇ ವೇದಿಕೆಯಲ್ಲಿ 20 ವರ್ಷದ ಬಾಂಡ್ಸ್ ಬೇರೊಬ್ಬರ ಕೃತಿಗೆ ಪಿಯಾನೊ ನುಡಿಸಿದರು.

ಆಮೇಲೆ? ಚಪ್ಪಾಳೆ ಬಿತ್ತು, ಪತ್ರಿಕೆಗಳು ಹೊಗಳಿದವು. ಬಾಗಿಲು ಮಾತ್ರ ತೆರೆಯಲಿಲ್ಲ. ಹತ್ತು ವರ್ಷ ಕಳೆದು, 1943ರಲ್ಲಿ ಪ್ರೈಸ್ ಬಾಸ್ಟನ್ ಸಿಂಫನಿಯ ಮುಖ್ಯಸ್ಥ ಕುಸೆವಿಟ್ಸ್ಕಿಗೆ ಕಾಗದ ಬರೆದರು. ‘ಮೊದಲೇ ಹೇಳಿಬಿಡುತ್ತೇನೆ, ನನಗೆ ಎರಡು ಅಡ್ಡಿಗಳಿವೆ, ಹೆಣ್ಣು ಅನ್ನುವುದು ಮತ್ತು ಜನಾಂಗ’ ಅನ್ನುವುದು ಅದರ ಶುರುವಿನ ಸಾಲು. ಇವೆರಡನ್ನೂ ಪಕ್ಕಕ್ಕಿಟ್ಟು ಸ್ಕೋರ್ ಒಂದನ್ನೇ ನೋಡಿ ಅಂತ ಕೇಳಿಕೊಂಡಿದ್ದರು. ಅವರ ಒಂದು ಕೃತಿಯನ್ನೂ ಕುಸೆವಿಟ್ಸ್ಕಿ ನುಡಿಸಲಿಲ್ಲ.

ಒಂದು ಕೃತಿಯನ್ನು ಹತ್ತಿರದಿಂದ

ಪ್ರೈಸ್ ಅವರ ‘ಫಾಂಟಸಿ ನೇಗ್ರ್’ ಎಂಬ ಪಿಯಾನೊ ಕೃತಿಗಳಲ್ಲಿ ಮೊದಲನೆಯದು ಇದು. 1929ರಲ್ಲಿ ಬರೆದದ್ದು, ಬಾಂಡ್ಸ್‌ಗೆ ಅರ್ಪಿಸಿದ್ದು. ಫಾಂಟಸಿ ಅಂದರೆ ಕಟ್ಟುಪಾಡು ಕಡಿಮೆ, ಮನಸ್ಸು ಹರಿದತ್ತ ಹೋಗಬಹುದು ಅನ್ನುವ ರೂಪ. ಶುರುವಾಗುವಾಗ ಇದು ಯುರೋಪಿನ ಯಾರದೋ ಕೃತಿ ಅನಿಸುತ್ತದೆ. ಶೋಪಾನ್, ಲಿಸ್ಟ್ ಕಾಲದ ಗತ್ತು. ಕೀಲಿಮಣೆಯ ಈ ತುದಿಯಿಂದ ಆ ತುದಿಗೆ ಅಲೆ ಎದ್ದು ಬೀಳುತ್ತದೆ.

ಹಾಗೆ ಎಲ್ಲ ಒಂದು ಹಂತಕ್ಕೆ ಶಾಂತವಾದ ಮೇಲೆ ಒಂದು ಸರಳ ಸಾಲು ಬರುತ್ತದೆ. ಹಳೆಯ ಸ್ಪಿರಿಚುವಲ್ ಅದು: ‘ಪಾಪಿಯೇ, ಈ ಸುಗ್ಗಿ ಕೈತಪ್ಪಿ ಹೋಗಲು ಬಿಡಬೇಡ’. ನಮ್ಮ ದಾಸರ ಪದಗಳಲ್ಲೂ ಇದೇ ಧಾಟಿಯ ಎಚ್ಚರಿಕೆ ಸಿಗುತ್ತದೆ, ಅಲ್ವಾ? ಪ್ರೈಸ್ ಆ ಸಾಲನ್ನು ಒಮ್ಮೆ ಮೆತ್ತಗೆ ಹೇಳಿಸುತ್ತಾರೆ, ಒಮ್ಮೆ ಅದರ ಸುತ್ತ ಜರಿಯ ಹಾಗೆ ಸಣ್ಣ ಸ್ವರಗಳನ್ನು ಸುರಿಯುತ್ತಾರೆ, ಒಮ್ಮೆ ಎರಡೂ ಕೈ ತುಂಬ ಸ್ವರಗಳಲ್ಲಿ ಗುಡುಗಿಸುತ್ತಾರೆ. ಸಾಲು ಎಲ್ಲೂ ಕಳೆದುಹೋಗುವುದಿಲ್ಲ. ರಾಗಮಾಲಿಕೆಯಲ್ಲಿ ರಾಗ ಬದಲಾದರೂ ಪಲ್ಲವಿ ಮರಳಿ ಬರುವಾಗ ಸಿಗುವ ಸುಖದ ಹಾಗೆ ಒಂದು ಸುಖ ಇಲ್ಲಿದೆ.

ಯುರೋಪಿನ ಅಂಗಿಗೆ ಜಾನಪದದ ತೇಪೆ ಹಾಕಿದ ಹಾಗೆ ಅಂತ ಕೆಲವರಿಗೆ ಅನಿಸಬಹುದು. ನನಗೆ ಹಾಗೆ ಕೇಳಿಸುವುದಿಲ್ಲ. ಎರಡೂ ಅವರದೇ ಮನೆಯ ಭಾಷೆ. ಬಾಸ್ಟನ್ನಿನಲ್ಲಿ ಕಲಿತದ್ದು ಒಂದು, ಹುಟ್ಟಿದ ಊರಲ್ಲಿ ಕಿವಿಗೆ ಬಿದ್ದದ್ದು ಇನ್ನೊಂದು.

ಮರೆತದ್ದು ಹೇಗೆ?

ಯಾರೋ ಒಬ್ಬರು ಕೂತು ಇವರನ್ನು ಅಳಿಸಿಹಾಕಿದರು ಅಂತಲ್ಲ. ಅಳಿಸಬೇಕಾದ ಅಗತ್ಯವೇ ಇರಲಿಲ್ಲ. ಸುಮ್ನೆ ಅಚ್ಚು ಹಾಕದಿದ್ದರೆ ಸಾಕಾಗಿತ್ತು.

ಪ್ರಕಾಶಕರು ದುಡ್ಡು ಹಾಕುವುದು ಮಾರಾಟವಾಗುವುದಕ್ಕೆ. ಕಪ್ಪು ಸಂಯೋಜಕರಿಂದ ಅವರು ಕೇಳುತ್ತಿದ್ದದ್ದು ಸ್ಪಿರಿಚುವಲ್‌ಗಳ ಸರಳ ರೂಪ, ರ‍್ಯಾಗ್, ಮಕ್ಕಳ ಪಾಠಕ್ಕೆ ಆಗುವ ಪುಟ್ಟ ತುಣುಕುಗಳು. ಪ್ರೈಸ್ ಅವರ ಇಂಥ ತುಣುಕುಗಳು ಅಚ್ಚಾದವು. ‘ಅಟ್ ದ ಕಾಟನ್ ಜಿನ್’ ಎಂಬ ಒಂದು ಸಣ್ಣ ಪಿಯಾನೊ ಕೃತಿಯನ್ನು 1928ರಲ್ಲಿ ಪ್ರಕಟಿಸಿದ್ದು ಇದೇ ಜಿ. ಷರ್ಮರ್. ಅವರ ಉಳಿದ ಎಲ್ಲವೂ ಬೇಕು ಅಂತ ಅದೇ ಸಂಸ್ಥೆ ಕೈ ಚಾಚುವ ಹೊತ್ತಿಗೆ 90 ವರ್ಷ ಕಳೆದಿತ್ತು. 1932ರಲ್ಲಿ ಬಹುಮಾನ ಪಡೆದ ಪಿಯಾನೊ ಸೊನಾಟಾ ಅಚ್ಚಾದದ್ದು 1997ರಲ್ಲಿ, ವಿದ್ವಾಂಸೆ ರೇ ಲಿಂಡಾ ಬ್ರೌನ್ ಅವರ ಸಂಪಾದನೆಯಲ್ಲಿ. ನಡುವಿನ 65 ವರ್ಷ, ಯಾರಾದರೂ ನುಡಿಸಬೇಕು ಅಂದುಕೊಂಡರೂ ಅಂಗಡಿಗೆ ಹೋಗಿ ಕೇಳಲು ಪುಸ್ತಕವೇ ಇರಲಿಲ್ಲ.

ಇದೊಂದು ಚಕ್ರ. ಪುಸ್ತಕ ಇಲ್ಲ, ಆದ್ದರಿಂದ ಟೀಚರ್ ಕಲಿಸುವುದಿಲ್ಲ. ಟೀಚರ್ ಕಲಿಸದ ಕಾರಣ ಶಿಷ್ಯರು ಕಛೇರಿಯಲ್ಲಿ ನುಡಿಸುವುದಿಲ್ಲ. ಕಛೇರಿಯಲ್ಲಿ ಕೇಳದ್ದನ್ನು ಜನ ಕೊಳ್ಳುವುದಿಲ್ಲ. ಜನ ಕೊಳ್ಳದ್ದನ್ನು ಪ್ರಕಾಶಕರು ಅಚ್ಚು ಹಾಕುವುದಿಲ್ಲ. ಒಳಗೆ ಒಂದು ಸಲ ಬಂದವರು ಒಳಗೇ ಇರುತ್ತಾರೆ, ಹೊರಗಿದ್ದವರು ಹೊರಗೇ.

ರುಚಿಯೂ ಬದಲಾಯಿತು. ಎರಡನೇ ಮಹಾಯುದ್ಧದ ನಂತರ ಅಮೆರಿಕದ ಸಂಗೀತ ವಿಭಾಗಗಳಲ್ಲಿ ಕರ್ಕಶವಾದ, ಲೆಕ್ಕಾಚಾರದ ಹೊಸ ಸಂಗೀತಕ್ಕೆ ಮರ್ಯಾದೆ ಜಾಸ್ತಿಯಾಯಿತು. ಪ್ರೈಸ್ ಬರೆದಂಥ ಇಂಪಾದ ರಾಗಗಳು ಹಳೆಯ ಕಾಲದ್ದು ಅನಿಸಿಕೊಂಡವು. 1953ರಲ್ಲಿ ಯುರೋಪ್ ಪ್ರವಾಸಕ್ಕೆ ಸಿದ್ಧತೆ ನಡೆಸಿದ್ದಾಗಲೇ ಅವರು ತೀರಿಕೊಂಡರು. 1964ರಲ್ಲಿ ಶಿಕಾಗೊದ ಒಂದು ಶಾಲೆಗೆ ಅವರ ಹೆಸರಿಟ್ಟರು. ಹೆಸರೇನೋ ಗೋಡೆ ಮೇಲೆ ಇತ್ತು, ಸಂಗೀತ ಸೇಂಟ್ ಆನ್‌ನ ಮನೆಯಲ್ಲಿ ಧೂಳು ತಿನ್ನುತ್ತಿತ್ತು.

ಎಲ್ಲರೂ ಸ್ಪಿರಿಚುವಲ್ ಬರೆದವರಲ್ಲ

ಕಪ್ಪು ಸಂಯೋಜಕರು ಅಂದ ಕೂಡಲೇ ಒಂದೇ ಥರದ ಸಂಗೀತ ಅಂದುಕೊಂಡರೆ ಮೋಸ ಹೋಗುತ್ತೇವೆ. ಜಾರ್ಜ್ ವಾಕರ್ ಹುಟ್ಟಿದ್ದು 1922ರಲ್ಲಿ, ವಾಷಿಂಗ್ಟನ್‌ನಲ್ಲಿ. ಅವರ ಆಸೆ ಪಿಯಾನೊ ವಾದಕನಾಗುವುದು. 1945ರಲ್ಲಿ ನ್ಯೂಯಾರ್ಕ್‌ನ ಟೌನ್ ಹಾಲ್‌ನಲ್ಲಿ ನುಡಿಸಿದರು. ಅದೇ ವರ್ಷ ಫಿಲಡೆಲ್ಫಿಯಾ ಆರ್ಕೆಸ್ಟ್ರಾ ಜೊತೆ ರಖ್ಮಾನಿನಾಫ್ ಅವರ ಮೂರನೇ ಕನ್ಚೆರ್ಟೊ ನುಡಿಸಿದರು. ಪಿಯಾನೊ ಕಲಿತವರನ್ನು ಕೇಳಿ ನೋಡಿ, ಆ ಕೃತಿಯ ಹೆಸರು ಕೇಳಿದರೇ ಬೆರಳು ನೋಯುತ್ತದೆ ಅನ್ನುತ್ತಾರೆ. ಅಷ್ಟಾದರೂ ಬಿಳಿಯ ವಾದಕರಿಗೆ ಸಿಗುತ್ತಿದ್ದಷ್ಟು ಕಛೇರಿಗಳು ಅವರಿಗೆ ಸಿಗಲಿಲ್ಲ.

ವಾಕರ್ ಸಂಯೋಜನೆಯ ಕಡೆ ತಿರುಗಿದರು. ಐದು ಪಿಯಾನೊ ಸೊನಾಟಾ ಬರೆದರು, ಮೊದಲನೆಯದು 1953ರಲ್ಲಿ, ಕೊನೆಯದು 2003ರಲ್ಲಿ. ಬಿಗಿಯಾದ, ಚೂಪಾದ ಸಂಗೀತ. ಮೊದಲ ಸಲ ಕೇಳಿದಾಗ ತಾಳ ಹಾಕಲು ಹೋದರೆ ಕೈ ತಪ್ಪುತ್ತದೆ. 1996ರಲ್ಲಿ ಸಂಗೀತದ ಪುಲಿಟ್ಜರ್ ಬಂತು, ಆ ಪ್ರಶಸ್ತಿ ಪಡೆದ ಮೊದಲ ಕಪ್ಪು ಸಂಯೋಜಕ ಅವರೇ. ‘ಕಪ್ಪು’ ಅನ್ನುವ ಡಬ್ಬಿಯಲ್ಲಿ ಹಾಕಿ ಇಡುವುದು ಅವರಿಗೆ ಹಿಡಿಸುತ್ತಿರಲಿಲ್ಲ. ಈ ಲೇಖನವೂ ಹಾಗೆ ನೋಡಿದರೆ ಒಂದು ಡಬ್ಬಿಯೇ. ವಾಕರ್ ಬದುಕಿದ್ದಿದ್ದರೆ ಗದರುತ್ತಿದ್ದರೇನೋ.

ಬಾಂಡ್ಸ್ ದಾರಿ ಬೇರೆ. ಅವರ ‘ಟ್ರಬಲ್ಡ್ ವಾಟರ್’ ‘ವೇಡ್ ಇನ್ ದ ವಾಟರ್’ ಎಂಬ ಸ್ಪಿರಿಚುವಲ್ ಮೇಲೆ ಕಟ್ಟಿದ್ದು. ಮೂಲ ಹಾಡಿನ ಸ್ವರಗಳು ಹೆಚ್ಚುಕಡಿಮೆ ನಮ್ಮ ಶುದ್ಧ ಧನ್ಯಾಸಿಯವು. ಎಡಗೈಯಲ್ಲಿ ನೀರು ಸುಳಿಯುತ್ತಲೇ ಇರುತ್ತದೆ, ನಡುವೆ ಜಾಜ್ ವಾಸನೆ ಹೊಡೆಯುತ್ತದೆ. ಕಾಲೇಜು ಸೇರಿದಾಗ ಅಲ್ಲಿನ ಈಜುಕೊಳಕ್ಕೆ ಕಪ್ಪು ವಿದ್ಯಾರ್ಥಿಗಳನ್ನು ಬಿಡುತ್ತಿರಲಿಲ್ಲ. ಅಂಥವರು ನೀರಿನ ಹಾಡನ್ನು ಹೀಗೆ ಬರೆದರು.

ಎಲ್ಲಿಂದ ಕೇಳುವುದು?

ಪಾಶ್ಚಾತ್ಯ ಸಂಗೀತ ಹೊಸದಾದರೆ ಡೆಟ್ ಅವರ ಜೂಬಾದಿಂದ ಶುರು ಮಾಡಿ. ಕೇಳುವಾಗ ಕಾಲಲ್ಲಿ ಒಂದು, ಕೈಯಲ್ಲಿ ಎರಡು ಹಾಕುತ್ತ ಕೂತರೆ ತಾಳ ತಾನೇ ಸಿಗುತ್ತದೆ. ಆಮೇಲೆ ಕೋಲ್‌ರಿಜ್-ಟೇಲರ್ ಅವರ ‘ಡೀಪ್ ರಿವರ್’, ಇಪ್ಪತ್ತನಾಲ್ಕರಲ್ಲಿ ಅದೂ ಒಂದು. ನಂತರ ‘ಟ್ರಬಲ್ಡ್ ವಾಟರ್’. ಕಿವಿ ಪಳಗಿದ ಮೇಲೆ ಪ್ರೈಸ್ ಅವರ ಸೊನಾಟಾದ ಎರಡನೇ ಭಾಗ. ಅದರ ರಾಗ ಯಾವ ಹಳೆಯ ಸ್ಪಿರಿಚುವಲ್‌ನದೂ ಅಲ್ಲ, ಅವರದೇ. ಆದರೂ ಎಲ್ಲೋ ಕೇಳಿದ್ದೇನಲ್ಲ ಅನಿಸುತ್ತದೆ. ವಾಕರ್ ಕೊನೆಗಿರಲಿ. ಮನೆಯಲ್ಲಿ ಪಿಯಾನೊ ಅಥವಾ ಕೀಬೋರ್ಡ್ ಕಲಿಯುವ ಮಕ್ಕಳಿದ್ದರೆ ಜಾಪ್ಲಿನ್, ಡೆಟ್, ಕೋಲ್‌ರಿಜ್-ಟೇಲರ್ ಅವರ ಹಳೆಯ ಸ್ಕೋರ್‌ಗಳು ಕಾಪಿರೈಟ್ ಮುಗಿದು ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ.

‘ಫಾಂಟಸಿ ನೇಗ್ರ್’ ಒಂದೇ ಅಲ್ಲ, ನಾಲ್ಕಿವೆ. ಮೂರನೆಯದು ಅಪೂರ್ಣ ಅಂತಲೇ ಬಹಳ ದಿನ ಅಂದುಕೊಂಡಿದ್ದರು, ಯಾಕಂದರೆ ಸಿಕ್ಕಿದ್ದು ಮೊದಲ ಎರಡು ಪುಟ ಮಾತ್ರ. ಬ್ರಿಟಿಷ್ ಪಿಯಾನೊ ವಾದಕಿ, ಸಂಶೋಧಕಿ ಸಮಾಂತಾ ಈಗ್ ಅರ್ಕಾನ್ಸಾದ ಸಂಗ್ರಹದಲ್ಲಿ ಹೆಸರಿಲ್ಲದ ಬಿಡಿ ಹಾಳೆಗಳನ್ನು ತಿರುವಿ ಹಾಕುತ್ತ ಹೋದರು. ಎರಡನೇ ಪುಟ ನಿಂತ ಜಾಗದಿಂದಲೇ ಮುಂದುವರಿಯುವ ಹಾಳೆಗಳು ಅವುಗಳ ನಡುವೆ ಇದ್ದವು. 2021ರಲ್ಲಿ ಅವರು ನಾಲ್ಕನ್ನೂ ರೆಕಾರ್ಡ್ ಮಾಡಿದರು.